ಮುಳ್ಳು ಒಂದೇ, ತಳ್ಳು ಬೇರೆ

ಸ್ಯಾನ್ ಹೋಸೆ, ಫ್ರೀಮಾಂಟ್ ಕಡೆಗೆ ಚಿಪ್ ಕಂಪನಿಗಳ ಕೆಲಸ ಹಿಡಿದು ಬಂದ ನಮ್ಮಂಥವರಲ್ಲಿ ಆಗ ಎರಡು ಪಂಗಡ. ದೊಡ್ಡ ಪಂಗಡದವರು ಬಂದ ವರ್ಷವೇ ಒಂದು ಕ್ಯಾಮ್ರಿ ಕೊಂಡು, ಶನಿವಾರ ಕನ್ನಡ ಕೂಟ, ಭಾನುವಾರ ಲಿವರ್‌ಮೋರ್ ದೇವಸ್ಥಾನ ಅಂತ ನೆಮ್ಮದಿಯಾಗಿದ್ದರು. ಸಣ್ಣ ಪಂಗಡದಲ್ಲಿ ನಾನು ಮತ್ತು ಶಿವಮೊಗ್ಗದ ನನ್ನ ಗೆಳೆಯ. ನಮ್ಮ ಸಂಬಳದಲ್ಲಿ ಒಂದು ದೊಡ್ಡ ಪಾಲು ಟೈರು, ಬೆಲ್ಟು, ಸ್ಪಾರ್ಕ್ ಪ್ಲಗ್ಗು ಅಂತ ಹೋಗುತ್ತಿತ್ತು. ಊರಿನಿಂದ ಅಮ್ಮ ಫೋನಿನಲ್ಲಿ "ಏನಾದ್ರೂ ಉಳಿಸ್ತಿದೀಯೇನೋ?" ಅಂದರೆ ಅಲ್ಲಿನ ಮಳೆಯ ವಿಷಯ ತೆಗೆಯುತ್ತಿದ್ದೆ.

ನನ್ನದು 1994ರ ಮಾಜ್ದಾ ಮಿಯಾಟಾ. ಎರಡೇ ಸೀಟು, 1.8 ಲೀಟರ್ ಎಂಜಿನ್, ಕಾರ್ಖಾನೆಯಿಂದ ಬಂದಾಗ 128 ಅಶ್ವಶಕ್ತಿ. ಅವನದು ಹೋಂಡಾ ಎಸ್2000. ಬರೀ ಎರಡು ಲೀಟರ್ ಎಂಜಿನ್, ಟರ್ಬೊ ಗಿರ್ಬೊ ಏನೂ ಇಲ್ಲ, ಆದರೂ 240 ಅಶ್ವಶಕ್ತಿ. 9000 ಆರ್‌ಪಿಎಂವರೆಗೂ ಕೂಗಿಕೊಂಡು ಹೋಗುವ ಜಾತಿ. ಇಬ್ಬರೂ ಹೆಚ್ಚುಕಡಿಮೆ ಒಂದೇ ಸಮಯದಲ್ಲಿ, ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಸೂಪರ್‌ಚಾರ್ಜರ್ ಹಾಕಿಸಿದೆವು. ನನ್ನ ಎಂಜಿನ್ನಿಗೆ ಕೂತದ್ದು ರೂಟ್ಸ್ ಬಗೆಯ ಈಟನ್ ಎಂ45, ಅವನದಕ್ಕೆ ಸೆಂಟ್ರಿಫ್ಯೂಗಲ್. ಬೂಸ್ಟ್ ಗೇಜಿನ ಮುಳ್ಳು ಎರಡೂ ಕಾರಿನಲ್ಲಿ ಗರಿಷ್ಠ ಅಂತ ತೋರಿಸುತ್ತಿದ್ದದ್ದು ಆರು ಪೌಂಡು. ಪೆಟ್ರೋಲ್ ಬಂಕಿನಲ್ಲಿ ಟೈರಿಗೆ "ಮೂವತ್ತೆರಡು ಹಾಕಪ್ಪ" ಅನ್ನುತ್ತೇವಲ್ಲ, ಅದೇ ಅಳತೆ. ಸಮುದ್ರ ಮಟ್ಟದಲ್ಲಿ ಹೊರಗಿನ ಗಾಳಿಯೇ 14.7 ಪೌಂಡಿನಷ್ಟು ಒತ್ತುತ್ತಿರುತ್ತದೆ. ಅದರ ಮೇಲೆ ಇನ್ನೊಂದು ಆರು.

ಆ ಆರು ಎಂಬ ಅಂಕಿಯನ್ನು ಹಿಡಿದುಕೊಂಡು ನಾವಿಬ್ಬರೂ ಎಷ್ಟು ಸಂಜೆ ವಾದ ಮಾಡಿದ್ದೇವೋ ಲೆಕ್ಕವಿಲ್ಲ. ಕಾರು ಬದಲಾಯಿಸಿಕೊಂಡು ಒಂದೇ ರಸ್ತೆಯಲ್ಲಿ ಓಡಿಸಿದ ದಿನ ವಾದಕ್ಕೆ ಒಂದು ಆಧಾರ ಸಿಕ್ಕಿತು. ಸ್ಯಾನ್ ಹೋಸೆಯ ಪೂರ್ವಕ್ಕೆ ಮೌಂಟ್ ಹ್ಯಾಮಿಲ್ಟನ್ ರಸ್ತೆ ಇದೆ, ತುದಿಯಲ್ಲಿ ಲಿಕ್ ವೀಕ್ಷಣಾಲಯ. 365 ತಿರುವು ಅಂತ ಅಲ್ಲಿನವರ ಬಾಯಿಮಾತು. ಎಣಿಸಿದವರನ್ನು ನಾನು ಕಂಡಿಲ್ಲ. ನನ್ನ ಮಿಯಾಟಾದಲ್ಲಿ ಮೂರನೇ ಗೇರಿನಲ್ಲಿ, 2500ರಲ್ಲಿ ತಿರುವು ಮುಗಿಸಿ ಆಕ್ಸಿಲರೇಟರ್ ಒತ್ತಿದರೆ ಬೂಸ್ಟ್ ಆಗಲೇ ಅಲ್ಲಿರುತ್ತಿತ್ತು. ಕಾಯುವ ಮಾತಿಲ್ಲ. ಕಾಲು ಎಷ್ಟು ಒತ್ತಿತೋ ಅಷ್ಟು ಎಳೆತ. ಆದರೆ 6500 ದಾಟುವ ಹೊತ್ತಿಗೆ ಉಸಿರು ಸಿಕ್ಕಿಕೊಂಡಂತಾಗಿ, ಗೇರು ಬದಲಿಸದೆ ವಿಧಿಯಿಲ್ಲ. ಎಸ್2000 ಹಾಗಲ್ಲ. ಅದೇ ತಿರುವಿನಲ್ಲಿ 4000ದಲ್ಲಿ ಹೊರಬಂದರೆ ಮುಳ್ಳು ಒಂದೂವರೆ ಪೌಂಡಿನ ಮೇಲೆ ಏಳದು. ಸೂಪರ್‌ಚಾರ್ಜರ್ ಇದೆಯೋ ಇಲ್ಲವೋ ಅನ್ನುವ ಹಾಗೆ ನಡೆಯುತ್ತದೆ. 6000ಕ್ಕೆ ಕವಾಟಗಳನ್ನು ಇನ್ನಷ್ಟು ತೆರೆಯುವ ವಿಟೆಕ್ ಕ್ಯಾಮ್‌ಗೆ ಎಂಜಿನ್ ಬದಲಾಗುತ್ತದೆ, ಅದೇ ಹೊತ್ತಿಗೆ ಬೂಸ್ಟೂ ಏರುತ್ತಿರುತ್ತದೆ; ಎರಡೂ ಒಟ್ಟಿಗೆ ಮೇಲೆ ಬೀಳುತ್ತವೆ. 8000ದಲ್ಲಿ ಬೆನ್ನು ಸೀಟಿಗೆ ಅಂಟಿಕೊಂಡಿರುವಾಗ ಮುಂದಿನ ತಿರುವು ಎದುರಿಗೇ ನಿಂತಿರುತ್ತದೆ.

"ಆಗುಂಬೆ ಘಾಟಿಗೆ ನಿನ್ನ ಕಾರೇ ಸರಿ ಮಾರಾಯ," ಅಂದ ಗೆಳೆಯ, ಕೆಳಗಿಳಿದ ಮೇಲೆ. "ಆದ್ರೆ ಹೈವೇ ಮೇಲೆ ನನ್ನ ಹತ್ರ ಮಾತಾಡ್ಬೇಡ."

ಕಾರಣ ಯಂತ್ರದ ಒಳಗೇ ಇದೆ. ರೂಟ್ಸ್ ಅಂದರೆ ಎರಡು ರೋಟರುಗಳು ಒಂದರ ಪಕ್ಕ ಒಂದು ತಿರುಗುತ್ತ, ಪ್ರತಿ ಸುತ್ತಿಗೂ ಇಷ್ಟೇ ಗಾಳಿ ಅಂತ ಅಳೆದು ಮುಂದಕ್ಕೆ ತಳ್ಳುವ ಪಂಪು. ಎಂ45ರಲ್ಲಿರುವ 45 ಆ ಅಳತೆಯೇ: ಒಂದು ಸುತ್ತಿಗೆ 45 ಘನ ಅಂಗುಲ, ಅಂದರೆ ಮುಕ್ಕಾಲು ಲೀಟರಿನ ಹತ್ತಿರ. ಎಂಜಿನ್ ನಿಧಾನವಾಗಿ ತಿರುಗಿದರೆ ಅದೂ ನಿಧಾನ, ಜೋರಾದರೆ ಅದೂ ಜೋರು; ಹಾಗಾಗಿ ಬೂಸ್ಟ್ ಕೆಳಗಿನಿಂದ ಮೇಲಿನವರೆಗೆ ಬಹುತೇಕ ಸಮ. ಇಂಡಿಯಾನಾ ರಾಜ್ಯದ ಕಾನರ್ಸ್‌ವಿಲ್‌ನ ರೂಟ್ಸ್ ಸಹೋದರರು 1860ರಲ್ಲಿ ಇದಕ್ಕೆ ಪೇಟೆಂಟ್ ಪಡೆದಾಗ ಕಾರು ಎಂಬುದೇ ಇರಲಿಲ್ಲ. ಕುಲುಮೆಗೆ ಗಾಳಿ ಊದಲು, ಗಣಿಯೊಳಗೆ ಗಾಳಿಯಾಡಿಸಲು ಇದು ಬಳಕೆಯಾಯಿತು. ಆಮೇಲೆ ಜನರಲ್ ಮೋಟರ್ಸ್‌ನ ಟೂ-ಸ್ಟ್ರೋಕ್ ಡೀಸೆಲ್ ಎಂಜಿನ್ನುಗಳಿಗೆ ಬಂತು. ಅಮೆರಿಕದ ಹಾಟ್‌ರಾಡ್ ಹುಡುಗರು ಗುಜರಿಯಲ್ಲಿ ಬಿದ್ದಿದ್ದ ಅವನ್ನೇ ಬಿಚ್ಚಿ ತಂದು ವಿ8 ಎಂಜಿನ್ನಿನ ತಲೆಯ ಮೇಲೆ ಕೂರಿಸಿದರು. ಬಾನೆಟ್ ಸೀಳಿಕೊಂಡು ಎದ್ದ ಆ ದೊಡ್ಡ ಡಬ್ಬ ಇಂದಿಗೂ ಡ್ರ್ಯಾಗ್ ರೇಸಿನ ಗುರುತು.

ಸೆಂಟ್ರಿಫ್ಯೂಗಲ್ ಬೇರೆಯೇ ಸಂತತಿ. ಸುರುಳಿ ಗೂಡಿನೊಳಗೆ ರೆಕ್ಕೆಗಳಿರುವ ಒಂದು ಚಕ್ರ, ಗಾಳಿಯನ್ನು ನಡುವಿನಲ್ಲಿ ಎಳೆದುಕೊಂಡು ಅಂಚಿಗೆ ಎಸೆಯುತ್ತದೆ. ಎಂಜಿನ್ 8000 ಸುತ್ತಿದರೆ ಈ ಚಕ್ರ ಐವತ್ತು, ಅರವತ್ತು ಸಾವಿರ ಸುತ್ತುವಂತೆ ಒಳಗೆ ಗೇರು ಇರುತ್ತದೆ. ಇದು ಕೊಡುವ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ಅರ್ಧ ವೇಗದಲ್ಲಿ ಅರ್ಧ ಒತ್ತಡವಲ್ಲ, ಕಾಲು ಭಾಗ. ಎಸ್2000ದಲ್ಲಿ ನಾನು ಕಂಡ ಒಂದೂವರೆ ಪೌಂಡಿನ ಗುಟ್ಟು ಇಷ್ಟೇ.

ಹಾಗಾದರೆ ಆ ಹೋಂಡಾಕ್ಕೂ ರೂಟ್ಸ್ ಹಾಕಬಹುದಿತ್ತಲ್ಲ? ಕಿಟ್ ಮಾಡುವವರು ದಡ್ಡರಲ್ಲ. ಆ ಎಂಜಿನ್ನಿನ ಕಂಪ್ರೆಷನ್ 11:1. ಕ್ಯಾಲಿಫೋರ್ನಿಯಾದ ಬಂಕುಗಳಲ್ಲಿ ಸಿಗುವ ಒಳ್ಳೆಯ ಪೆಟ್ರೋಲು ಬರೀ 91 ಆಕ್ಟೇನ್. ಬೇರೆ ಎಷ್ಟೋ ರಾಜ್ಯಗಳಲ್ಲಿ 93 ಸಿಗುತ್ತದೆ. ಕಡಿಮೆ ಆರ್‌ಪಿಎಂನಲ್ಲಿ ಸಿಲಿಂಡರಿಗೆ ಗಾಳಿ ತುರುಕಿದರೆ ಪಿಸ್ಟನ್ ನಿಧಾನವಾಗಿ ಚಲಿಸುತ್ತಿರುತ್ತದೆ, ಮಿಶ್ರಣ ತನ್ನಷ್ಟಕ್ಕೆ ಹೊತ್ತಿಕೊಳ್ಳಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಟಕ್ ಟಕ್ ಅಂತ ನಾಕಿಂಗ್ ಶುರು. ಮೇಲಿನ ಆರ್‌ಪಿಎಂನಲ್ಲಿ ಆ ಪುರುಸೊತ್ತು ಇರುವುದಿಲ್ಲ. ಕೆಳಗೆ ಸುಮ್ಮನಿದ್ದು ಮೇಲೆ ಮಾತ್ರ ಗಾಳಿ ತಳ್ಳುವ ಸೆಂಟ್ರಿಫ್ಯೂಗಲ್ ಅಂಥ ಎಂಜಿನ್ನಿಗೆ ಹೊಂದುತ್ತದೆ. ಕ್ಲಚ್ಚು, ಗೇರ್‌ಬಾಕ್ಸೂ ಬದುಕುತ್ತವೆ. ನನ್ನ ಮಿಯಾಟಾದ ಕಂಪ್ರೆಷನ್ 9:1. ಅದಕ್ಕೆ ಆ ಭಯ ಅಷ್ಟಿರಲಿಲ್ಲ.

ಇದನ್ನೆಲ್ಲ ನಮಗೆ ಬಿಡಿಸಿ ಹೇಳಿದವನು ನಾವು ಕಾರು ಬಿಡುತ್ತಿದ್ದ ಗ್ಯಾರೇಜಿನ ಮಾಲೀಕ. ಚಿಕ್ಕಂದಿನಲ್ಲಿ ವಿಯೆಟ್ನಾಮಿನಿಂದ ಬಂದವನು, ಮಾತು ಕಡಿಮೆ, ಕೈಗೆ ಸದಾ ನೀಲಿ ಗ್ಲೌಸು. ಒಂದು ಶನಿವಾರ ನನ್ನ ಕಾರಿಗೆ ಹೊಸ ಹೆಡರ್, ಅಂದರೆ ಎಂಜಿನ್ನಿನಿಂದ ಹೊಗೆ ಹೊರಗೆ ಹೋಗುವ ಕೊಳವೆಗಳ ಸೆಟ್ಟು, ಹಾಕಿಸಿದೆ. ಒಂದು ಸುತ್ತು ಹೋಗಿ ಬಂದರೆ ಆರು ತೋರಿಸುತ್ತಿದ್ದ ಮುಳ್ಳು ಐದೂವರೆಗೇ ನಿಲ್ಲುತ್ತಿದೆ. ಗೆಳೆಯ ಪಕ್ಕದಲ್ಲಿದ್ದ. "ಎಲ್ಲೋ ಲೀಕ್ ಆಗ್ತಿದೆ, ವಾಪಸ್ ಬಿಚ್ಚಿಸು," ಅಂತ ಗಲಾಟೆ ಎಬ್ಬಿಸಿದ. ಮಾಲೀಕ ಏನೂ ಹೇಳದೆ ಕಾರನ್ನು ಶಕ್ತಿ ಅಳೆಯುವ ಡೈನೊ ಮೇಲೆ ಹತ್ತಿಸಿದ. ಹಿಂದಿನ ಚಕ್ರಗಳು ದಪ್ಪ ಉರುಳೆಯ ಮೇಲೆ, ನಾಲ್ಕು ಕಡೆ ಬೆಲ್ಟಿನ ಕಟ್ಟು, ಮುಂದೆ ಆಳೆತ್ತರದ ಫ್ಯಾನು. ನಾಲ್ಕನೇ ಗೇರಿನಲ್ಲಿ ಪೂರ್ತಿ ಒತ್ತಿದ. ಸೂಪರ್‌ಚಾರ್ಜರಿನ ಕೀರಲು ಶೆಡ್ಡಿನ ತಗಡಿಗೆ ಬಡಿದು ವಾಪಸ್ ಬಂತು. ಪ್ರಿಂಟು ತೆಗೆದು ಹಳೆಯ ಕಾಗದದ ಮೇಲಿಟ್ಟು ಬೆಳಕಿಗೆ ಹಿಡಿದ. ಬೂಸ್ಟ್ ಕಡಿಮೆ, ಶಕ್ತಿ ಜಾಸ್ತಿ. ಕೆಳಗಿನಿಂದ ಮೇಲಿನವರೆಗೆ ಹೊಸ ಗೆರೆ ಹಳೆಯದರ ಮೇಲೆಯೇ ಓಡಿತ್ತು.

ರೂಟ್ಸ್ ಪಂಪು ಮೊದಲು ತಳ್ಳುತ್ತಿದ್ದಷ್ಟೇ ಗಾಳಿಯನ್ನು ಈಗಲೂ ತಳ್ಳುತ್ತಿದೆ. ಎಂಜಿನ್ನಿಗೆ ಈಗ ಅದನ್ನು ನುಂಗಿ ಹೊರಬಿಡುವುದು ಸುಲಭವಾಗಿದೆ, ಅದಕ್ಕೇ ಎಂಜಿನ್ನಿನ ಬಾಗಿಲಿನ ಕೊಳವೆಯಾದ ಮ್ಯಾನಿಫೋಲ್ಡಿನಲ್ಲಿ ಗಾಳಿ ಜಮಾಯಿಸುವುದಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಹೆಚ್ಚು ಗಾಡಿ ನಿಂತಿವೆ ಅಂದರೆ ಹೆಚ್ಚು ಜನ ಮನೆ ಸೇರಿದರು ಅಂತಲ್ಲವಲ್ಲ, ಇದೂ ಹಾಗೆಯೇ. ಬೂಸ್ಟ್ ಅಂದರೆ ಒಳಹೋಗಲಾರದೆ ಬಾಗಿಲಲ್ಲಿ ನಿಂತ ಗಾಳಿಯ ಅಳತೆ. ಒಳಗೆ ಹೋಗಿ ಉರಿದದ್ದು ಎಷ್ಟು ಅನ್ನುವುದನ್ನು ಡೈನೊ ಹೇಳಬೇಕು.

ಡೈನೊ ಕಾಗದದ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅಮೆರಿಕದ ಅಳತೆಯಲ್ಲಿ ಶಕ್ತಿ ಅಂದರೆ ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 5252ರಿಂದ ಭಾಗಿಸಿದ್ದು. ಹಾಗಾಗಿ ಒಂದೇ ಅಳತೆಪಟ್ಟಿಯಲ್ಲಿ ಎಳೆದ ಯಾವ ಕಾಗದದಲ್ಲೂ ಟಾರ್ಕ್ ಗೆರೆ ಮತ್ತು ಶಕ್ತಿ ಗೆರೆ 5252ರಲ್ಲಿ ಒಂದನ್ನೊಂದು ದಾಟಲೇಬೇಕು. ಬೇರೆ ಕಡೆ ದಾಟಿಸಿ ತೋರಿಸುವವರ ಹತ್ತಿರ ವ್ಯಾಪಾರ ಬೇಡ. ಕಾಗದದ ತುದಿಯಲ್ಲಿರುವ ದೊಡ್ಡ ಅಂಕಿಗೂ ಮರುಳಾಗಬಾರದು. ಅದು ಒಂದೇ ಒಂದು ಆರ್‌ಪಿಎಂನಲ್ಲಿ ಸಿಗುವ ಶಕ್ತಿ. ರಸ್ತೆಯಲ್ಲಿ ಆ ಆರ್‌ಪಿಎಂನಲ್ಲಿ ನೀವು ಎಷ್ಟು ಹೊತ್ತು ಇರುತ್ತೀರಿ? ನನ್ನ ಮಿಯಾಟಾದ ಟಾರ್ಕ್ ಗೆರೆ ಮೇಜಿನ ಅಂಚಿನಂತೆ ನೆಟ್ಟಗೆ ಮಲಗಿರುತ್ತಿತ್ತು, ಗೆಳೆಯನದು ಏರುತ್ತಲೇ ಇತ್ತು. ಕೊನೆಯ ಅಂಕಿಯಲ್ಲಿ ನಾನು ಅವನ ಹತ್ತಿರಕ್ಕೂ ಬರುತ್ತಿರಲಿಲ್ಲ. 3000ದಿಂದ 5000ದೊಳಗೆ ಹಾಕಿದ ದುಡ್ಡಿಗೆ ಹೆಚ್ಚು ಸಿಕ್ಕಿದ್ದು ನನಗೆ.

ಮಾಲೀಕನ ಸ್ವಂತ ಕಾರು 2003ರ ಮಸ್ಟಾಂಗ್ ಕೋಬ್ರಾ. 4.6 ಲೀಟರ್ ವಿ8, ಮೇಲೆ ಈಟನ್ ಎಂ112, ಫೋರ್ಡ್ ಕಾರ್ಖಾನೆಯೇ ಎಂಟು ಪೌಂಡು ಬೂಸ್ಟ್, 390 ಅಶ್ವಶಕ್ತಿ ಕೊಟ್ಟು ಕಳಿಸಿದ್ದು. ಅವನು ಅದರ ಪುಲ್ಲಿಯನ್ನು ಸಣ್ಣದು ಮಾಡಿದ್ದ. ಸೂಪರ್‌ಚಾರ್ಜರಿನ ಪುಲ್ಲಿ ಸಣ್ಣದಾದಷ್ಟೂ ರೋಟರು ವೇಗವಾಗಿ ತಿರುಗುತ್ತದೆ, ಬೂಸ್ಟ್ ಏರುತ್ತದೆ. ಎಂಟಿದ್ದದ್ದು ಹನ್ನೆರಡು ಮುಟ್ಟಿತ್ತು. ಮೊದಲ ಸಲ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟಾಗ ಎರಡನೇ ಗೇರಿನಲ್ಲಿ ಅರ್ಧ ಆಕ್ಸಿಲರೇಟರಿಗೇ ಹಿಂದಿನ ಟೈರು ಹೊಗೆಯಾಡಿತು. ಕೈ ಸ್ಟಿಯರಿಂಗಿನ ಮೇಲೆ, ಮುಖದಲ್ಲಿ ಯಾವ ಭಾವವೂ ಇಲ್ಲ. "ಇದು ಒಣ ರಸ್ತೆಯ ಕಾರು," ಅಂದ. ಅಷ್ಟೇ ಮಾತು. ಆದರೆ ಅದೇ ಕಾರಿನಲ್ಲಿ ಪುಕ್ಕಟೆ ಏನೂ ಬರುವುದಿಲ್ಲ ಅನ್ನುವುದೂ ಕಾಣುತ್ತಿತ್ತು. ಪುಲ್ಲಿ ಸಣ್ಣದಾದಷ್ಟೂ ಬೆಲ್ಟಿಗೆ ಹಿಡಿತ ಕಡಿಮೆ, ಜಾರಿ ಕಿರ್ರೆನ್ನುತ್ತದೆ. ರೋಟರು ತಿರುಗಿಸಲು ಎಂಜಿನ್ನೇ ಶಕ್ತಿ ಕೊಡಬೇಕು. ಡಾಡ್ಜ್‌ನವರು 2015ರ ಹೆಲ್‌ಕ್ಯಾಟ್ ತಂದಾಗ ಅದರ 707 ಅಶ್ವಶಕ್ತಿಯ ಮಾತೇ ಎಲ್ಲೆಡೆ. ಸೂಪರ್‌ಚಾರ್ಜರ್ ತಿರುಗಿಸಲಿಕ್ಕೇ 80ರ ಹತ್ತಿರ ಅಶ್ವಶಕ್ತಿ ಹೋಗುತ್ತದೆ ಅಂದಾಗ ನಂಬದವರು ಬಹಳ. ನನ್ನ ಮಿಯಾಟಾ ಕಾರ್ಖಾನೆಯಿಂದ ಬಂದಾಗ ಅದರ ಒಟ್ಟು ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಅದು.

ಇಷ್ಟಾದರೂ ಬೂಸ್ಟಿನ ನಿಜವಾದ ಶತ್ರು ಬಿಸಿ. ಅದನ್ನು ಕಲಿಸಿದ್ದು ಬಟನ್‌ವಿಲೋ. ಬೇಕರ್ಸ್‌ಫೀಲ್ಡ್ ಹತ್ತಿರದ ಬಯಲಿನಲ್ಲಿ, ಬಾದಾಮಿ, ಪಿಸ್ತಾ ತೋಟಗಳ ನಡುವೆ ಇರುವ ರೇಸ್ ಟ್ರ್ಯಾಕು. ಬೇಸಿಗೆಯಲ್ಲಿ ಹತ್ತು ಗಂಟೆಗೇ ನೆಲ ಕಾಯುತ್ತದೆ, ಮಧ್ಯಾಹ್ನಕ್ಕೆ 40 ಡಿಗ್ರಿ ದಾಟುವುದು ಮಾಮೂಲು. ಬೆಳಗಿನ ಮೊದಲ ಸರದಿಯಲ್ಲಿ ನನ್ನ ಕಾರು ಚಿಗರೆ. ಮಧ್ಯಾಹ್ನದ ಸರದಿಯಲ್ಲಿ ಎರಡು ಸುತ್ತು ಮುಗಿಯುವಷ್ಟರಲ್ಲಿ ಮಂಕು. ಗೇಜಿನಲ್ಲಿ ಅದೇ ಆರು ಪೌಂಡು, ಆದರೆ ಎಳೆತ ಇಲ್ಲ.

ಕಾಗದದ ಮೇಲೆ ಲೆಕ್ಕ ಹಾಕಿದರೆ ಆಶ್ಚರ್ಯವೇ ಇಲ್ಲ. ಗಾಳಿಯನ್ನು ಒತ್ತಿದರೆ ಕಾಯುತ್ತದೆ, ಸೈಕಲ್ ಪಂಪು ಹೊಡೆದವರಿಗೆಲ್ಲ ಗೊತ್ತು. ಎಷ್ಟು ಕಾಯುತ್ತದೆ ಅನ್ನುವುದು ಪಂಪಿನ ದಕ್ಷತೆಯ ಮೇಲೆ. ಹಳೆಯ ರೂಟ್ಸ್ ಗಾಳಿಯನ್ನು ತನ್ನೊಳಗೆ ಒತ್ತುವುದಿಲ್ಲ, ಸಾಗಿಸಿ ಮ್ಯಾನಿಫೋಲ್ಡಿಗೆ ನೂಕುತ್ತದೆ ಅಷ್ಟೆ. ಅಲ್ಲಿಂದ ಗಾಳಿ ಹಿಂದಕ್ಕೆ ನುಗ್ಗಿ ಕಲಸಿಹೋಗುತ್ತದೆ, ದಕ್ಷತೆ ಶೇಕಡಾ 55ರ ಆಸುಪಾಸಿಗೆ ಇಳಿಯುತ್ತದೆ. ಒಳ್ಳೆಯ ಸೆಂಟ್ರಿಫ್ಯೂಗಲ್ 75 ಕೊಡುತ್ತದೆ. 40 ಡಿಗ್ರಿಯ ಗಾಳಿಯನ್ನು ಆರು ಪೌಂಡಿಗೆ ಒತ್ತಿದರೆ ಮೊದಲನೆಯದರಿಂದ ಹೊರಬರುವ ಗಾಳಿ 100 ಡಿಗ್ರಿಯ ಹತ್ತಿರ, ಎರಡನೆಯದರಿಂದ 83. ಹತ್ತು ಡಿಗ್ರಿ ಏರಿದರೆ ಗಾಳಿಯ ಸಾಂದ್ರತೆ ಸುಮಾರು ಶೇಕಡಾ ಮೂರರಷ್ಟು ಇಳಿಯುತ್ತದೆ. ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಕಡೆ: ಬಿಸಿ ಗಾಳಿಗೆ ನಾಕಿಂಗ್ ಬೇಗ ಬರುತ್ತದೆ ಅಂತ ಇಗ್ನಿಷನ್ ಟೈಮಿಂಗ್ ಹಿಂದೆ ಸರಿಸಬೇಕಾಗುತ್ತದೆ, ಶಕ್ತಿ ಅಲ್ಲಿ ಸೋರಿಹೋಗುತ್ತದೆ. ನನ್ನ ಕಿಟ್ಟಿನಲ್ಲಿ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇರಲಿಲ್ಲ. ಬಿಸಿಯಾದ ಪಂಪು ಬಿಸಿಯಾದ ಎಂಜಿನ್ನಿಗೇ ಅಂಟಿಕೊಂಡು ಕೂತಿತ್ತು. ಕೋಬ್ರಾದಲ್ಲಿ ನೀರಿನ ಇಂಟರ್‌ಕೂಲರ್ ಇತ್ತು, ಡ್ರ್ಯಾಗ್ ಸ್ಟ್ರಿಪ್ಪಿನಲ್ಲಿ ಕೆಲವರು ಅದರ ಟ್ಯಾಂಕಿಗೆ ಐಸ್ ಸುರಿಯುತ್ತಾರೆ. ಕಾಲು ಮೈಲಿಗೆ ಸಾಕು. ಇಪ್ಪತ್ತು ನಿಮಿಷದ ಟ್ರ್ಯಾಕ್ ಸರದಿಗೆ ಐಸ್ ಯಾವ ಮೂಲೆಗೆ? ಆ ದಿನ ಸಂಜೆಯವರೆಗೂ ಒಂದೇ ಹದದಲ್ಲಿ ಓಡಿದ್ದು ಗೆಳೆಯನ ಹೋಂಡಾ. ಟ್ರ್ಯಾಕಿನಲ್ಲಿ 6000ದ ಕೆಳಗೆ ಇಳಿಯುವ ಪ್ರಸಂಗವೇ ಕಡಿಮೆ, ಹಾಗಾಗಿ ಅದರ ಕೊರತೆ ಅಲ್ಲಿ ಕಾಣಲೇ ಇಲ್ಲ.

ಈಟನ್ ಕಂಪನಿ ಆಮೇಲೆ ತಂದ ಟಿವಿಎಸ್ ಸರಣಿಯಲ್ಲಿ ರೋಟರಿಗೆ ಮೂರರ ಬದಲು ನಾಲ್ಕು ಹಾಲೆ, 60 ಡಿಗ್ರಿಯ ಬದಲು 160 ಡಿಗ್ರಿ ತಿರುಚು. ದಕ್ಷತೆ ಎದ್ದಿತು, ಬಿಸಿ ಇಳಿಯಿತು. 2009ರ ಕಾರ್ವೆಟ್ ಝಡ್ಆರ್1ರ 638 ಅಶ್ವಶಕ್ತಿ ಆ ರೋಟರುಗಳ ಕೆಲಸ. ನನ್ನ ಎಂ45ರ ಹೊತ್ತಿಗೆ ಅದೆಲ್ಲ ಇನ್ನೂ ಬಂದಿರಲಿಲ್ಲ.

2006ರ ಬೇಸಿಗೆಯಲ್ಲಿ ಅಪ್ಪ, ಅಮ್ಮ ಬಂದರು. ಅಪ್ಪ ಬೆಂಗಳೂರಿನ ಎಚ್‌ಎಎಲ್‌ನ ಎಂಜಿನ್ ವಿಭಾಗದಲ್ಲಿ ಫಿಟ್ಟರ್ ಆಗಿ ಸೇರಿ ಅಲ್ಲೇ ನಿವೃತ್ತರಾದವರು. ಚೇತಕ್ ಹೆಲಿಕಾಪ್ಟರಿನ ಆರ್ಟೂಸ್ಟ್ ಎಂಜಿನ್ನುಗಳನ್ನು ಬಿಚ್ಚಿ ಜೋಡಿಸಿದ ಕೈ. ನನ್ನ ಕಾರಿನ ಬಾನೆಟ್ ಎತ್ತಿದಾಗ "ಹ್ಞೂಂ" ಅಂದರು. ಗೆಳೆಯನ ಬಾನೆಟ್ ಎತ್ತಿದಾಗ ಕನ್ನಡಕ ಹಾಕಿಕೊಂಡರು. ಸುರುಳಿ ಗೂಡಿನ ಮೇಲೆ ಬೆರಳಾಡಿಸಿ, ಗಾಳಿಯ ಕೊಳವೆ ಬಿಚ್ಚಿಸಿ ಒಳಗಿನ ಚಕ್ರದ ರೆಕ್ಕೆ ಎಣಿಸಿದರು. ಆರ್ಟೂಸ್ಟಿನಲ್ಲೂ ಇಂಥದೇ ಒಂದು ಚಕ್ರ ಉಂಟು. ಆದರೆ ಅದು ಶುರುವಾದ ಮೇಲೆ ನಿಮಿಷಕ್ಕೆ 33,500ರ ಸುಮಾರಿನ ಒಂದೇ ವೇಗದಲ್ಲಿ ನಿಂತುಬಿಡುತ್ತದೆ. ಹೆಲಿಕಾಪ್ಟರ್ ಏರಲಿ ಇಳಿಯಲಿ, ವೇಗ ಬದಲಾಗದು.

"ಈ ಚಕ್ರಕ್ಕೆ ಒಂದು ಸ್ಪೀಡ್ ಕೊಟ್ಟು ಬಿಟ್ಬಿಡ್ಬೇಕು ಕಣಪ್ಪ," ಅಂದರು ಗೆಳೆಯನಿಗೆ. "ಹಿಂಗೆ ಏರ್ಸಿ ಇಳ್ಸಿ ಮಾಡಿದ್ರೆ ಅದೇನ್ ಮಾಡೀತು?"

"ಅದಕ್ಕೇ ಅಂಕಲ್, ನಾನು ಆರು ಸಾವಿರದ ಕೆಳಗೆ ಇಳಿಯೋದೇ ಇಲ್ಲ."

"ಪೊಲೀಸ್ನೋರು ಬಿಡ್ತಾರಾ?"

ಅಪ್ಪ ಹೇಳಿದ ಕಾಯಿಲೆಗೆ ಚರಿತ್ರೆಯಲ್ಲಿ ಒಂದು ದೊಡ್ಡ ಉದಾಹರಣೆ ಇದೆ ಅಂತ ನನಗೆ ಆಮೇಲೆ ಓದಿ ಗೊತ್ತಾಯಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನವರು ಬಿಆರ್‌ಎಂ ಅಂತ ಒಂದು ರೇಸ್ ಕಾರು ಕಟ್ಟಿದರು. ಒಂದೂವರೆ ಲೀಟರಿಗೆ 16 ಸಿಲಿಂಡರು. ಯುದ್ಧವಿಮಾನದ ಎಂಜಿನ್ ಮಾಡಿ ಕೈಪಳಗಿದ ರೋಲ್ಸ್ ರಾಯ್ಸ್ ಅದಕ್ಕೆ ಎರಡು ಹಂತದ ಸೆಂಟ್ರಿಫ್ಯೂಗಲ್ ಸೂಪರ್‌ಚಾರ್ಜರ್ ಮಾಡಿಕೊಟ್ಟಿತು. ವಿಮಾನದಲ್ಲಿ ಎಂಜಿನ್ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಇರುತ್ತದೆ, ರೇಸ್ ಕಾರಿನಲ್ಲಿ ಇರುವುದಿಲ್ಲ. ತಿರುವಿನಿಂದ ಹೊರಬರುವಾಗ ಚಕ್ರ ಒಂದಿಷ್ಟು ಜಾರಿದರೆ ಆರ್‌ಪಿಎಂ ಏರುತ್ತದೆ, ಅದರ ವರ್ಗದಲ್ಲಿ ಬೂಸ್ಟ್ ಏರುತ್ತದೆ, ಚಕ್ರ ಇನ್ನೂ ಜಾರುತ್ತದೆ. ಫ್ಯಾಂಜಿಯೊನಂಥ ದೊಡ್ಡ ರೇಸ್ ಚಾಲಕನಿಗೂ ಅದನ್ನು ಹಿಡಿದು ನಿಲ್ಲಿಸುವುದು ಕಷ್ಟವಾಗಿತ್ತು. 1950ರ ಆಗಸ್ಟಿನಲ್ಲಿ ಸಿಲ್ವರ್‌ಸ್ಟೋನಿನಲ್ಲಿ ಮೊದಲ ರೇಸಿಗೆ ಇಳಿದಾಗ ಕಾರು ಹೊರಡುವ ಗೆರೆಯಲ್ಲೇ ಮುರಿದು ನಿಂತಿತು, ಜನ ಅದರ ಮೇಲೆ ಚಿಲ್ಲರೆ ಕಾಸು ಎಸೆದರು. ಆ ವರ್ಷ ಮತ್ತು ಮರುವರ್ಷ ವಿಶ್ವ ಚಾಂಪಿಯನ್‌ಷಿಪ್ ಗೆದ್ದ ಚಾಲಕರು ಓಡಿಸಿದ್ದು ಆಲ್ಫಾ ರೋಮಿಯೊ. ಅದೂ ಒಂದೂವರೆ ಲೀಟರ್ ಎಂಜಿನ್ನೇ, ಅದರಲ್ಲಿ ಇದ್ದದ್ದು ರೂಟ್ಸ್. ಇದನ್ನು ಅಪ್ಪನಿಗೆ ಫೋನಿನಲ್ಲಿ ಹೇಳಿದರೆ "ನಾನು ಅವತ್ತೇ ಹೇಳ್ಲಿಲ್ವಾ?" ಅಂದರು. ಮಾತಿನಲ್ಲಿ ಹೆಮ್ಮೆ ಇತ್ತು.

ಗೆಳೆಯ ಎರಡನೇ ಮಗು ಹುಟ್ಟಿದ ಮೇಲೆ ಎಸ್2000 ಮಾರಿದ. ನಾನು ಮಿಯಾಟಾ ಇಟ್ಟುಕೊಂಡು ಸೂಪರ್‌ಚಾರ್ಜರ್ ಮಾತ್ರ ಮಾರಿದೆ; ಕೊಂಡವನು ಬೂಸ್ಟ್ ಎಷ್ಟು ಅಂತ ಮೂರು ಸಲ ಕೇಳಿದ, ಬೇರೆ ಏನೂ ಕೇಳಲಿಲ್ಲ.

ಈಗ ಬೆಂಗಳೂರಿಗೆ ಬಂದಾಗಲೆಲ್ಲ ನೆಂಟರ ಹುಡುಗರು ಕೇಳುತ್ತಾರೆ, ತಮ್ಮ ಕಾರಿಗೆ ಸೂಪರ್‌ಚಾರ್ಜರ್ ಹಾಕಿಸಬಹುದಾ ಅಂತ. ಬೇಡ ಅನ್ನುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಕ್ಯಾಲಿಫೋರ್ನಿಯಾದಲ್ಲೂ ಮನಬಂದಂತೆ ಹಾಕುವ ಹಾಗಿಲ್ಲ: ಅಲ್ಲಿನ ವಾಯು ಮಂಡಳಿ ಪರೀಕ್ಷಿಸಿ ನಂಬರು ಕೊಟ್ಟ ಕಿಟ್ಟೇ ಆಗಬೇಕು, ಆ ಚೀಟಿ ಬಾನೆಟ್ಟಿನ ಕೆಳಗೆ ಇರಬೇಕು, ಪುಲ್ಲಿ ಸಣ್ಣದು ಮಾಡಿದರೆ ಆ ಅನುಮತಿ ಬಿದ್ದುಹೋಗುತ್ತದೆ. ಕಾನೂನು ಒಪ್ಪುವ ಊರಿನಲ್ಲಿದ್ದು ಹಾಕಿಸಿಯೇ ತೀರುತ್ತೇನೆ ಅನ್ನುವವರಿಗೆ ನನ್ನ ಸಲಹೆ ಇಷ್ಟು. ಘಾಟಿ ರಸ್ತೆ, ದಿನದ ಓಡಾಟ ಅಂದರೆ ಹೊಸ ತಲೆಮಾರಿನ ರೂಟ್ಸ್, ಇಂಟರ್‌ಕೂಲರ್ ಸಹಿತ. ಟ್ರ್ಯಾಕು, ಮೇಲೆ ಮೇಲೆ ಸುತ್ತುವ ಎಂಜಿನ್ನು ಅಂದರೆ ಸೆಂಟ್ರಿಫ್ಯೂಗಲ್. ಯಾವುದೇ ಆಗಲಿ, ಇಂಟೇಕ್ ಗಾಳಿಯ ಉಷ್ಣತೆ ತೋರಿಸುವ ಗೇಜನ್ನು ಮೊದಲು ಕೊಳ್ಳಿ, ಬೂಸ್ಟ್ ಗೇಜು ಆಮೇಲೆ.